ಎತ್ತಿಡಬೇಕಾಗದ ಪುಸ್ತಕ: ಮುಂಬಯಿಯ ಸಣ್ಣ ಮನೆಯಲ್ಲಿ ಓದಿಗೊಂದು ಜಾಗ

ಮುಂಬಯಿಯಲ್ಲಿ ಮಕ್ಕಳ ಓದಿಗೆ ಬೇರೆ ಕೋಣೆ ಎಂಬ ಆಸೆಯನ್ನು ಮೊದಲೇ ಬದಿಗಿಟ್ಟು ಮುಂದುವರಿಯುವುದು ಒಳ್ಳೆಯದು. 1920ರ ದಶಕದಲ್ಲಿ ಕಟ್ಟಿದ ವರ್ಲಿ, ನಾಯ್ಗಾಂವ್‌ಗಳ ಬಿಡಿಡಿ ಚಾಳುಗಳ, ಅಂದರೆ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟಿನ ವಠಾರಗಳ, ಒಂದೊಂದು ಖೋಲಿ (ಕೋಣೆ) 160 ಚದರಡಿಯದು. ಅಡುಗೆ, ಊಟ, ನಿದ್ದೆ, ಬಾಣಂತನ ಎಲ್ಲವೂ ನಡೆಯುತ್ತಿದ್ದ ಅಂಥ ಖೋಲಿಗಳಲ್ಲೇ ಮಕ್ಕಳು ಓದಿ ಕೆಲಸ ಹಿಡಿದಿದ್ದಾರೆ. ಇಂದು ಭಾಂಡೂಪಿನಲ್ಲೋ ಡೊಂಬಿವಲಿಯಲ್ಲೋ ಒಂದು ಬೆಡ್‌ರೂಮಿನ ಫ್ಲಾಟಿನಲ್ಲಿರುವ ನಮ್ಮ ಕನ್ನಡಿಗರ ಮನೆಗಳಲ್ಲಿ ಜಾಗ ಸ್ವಲ್ಪ ಹೆಚ್ಚಾಗಿದೆ, ಆದರೆ ಸೋಫಾ, ದೊಡ್ಡ ಟಿವಿ, ವಾಷಿಂಗ್ ಮೆಷಿನ್ ಬಂದು ಹೆಚ್ಚಾದ ಜಾಗವನ್ನೆಲ್ಲ ಹಿಡಿದುಕೊಂಡಿವೆ.

ಮನೆಮನೆಗೆ ಹೋಗಿ ಗಣಿತದ ಪಾಠ ಹೇಳುವ ನಾನು ಅನೇಕ ಓದುವ ಮೂಲೆಗಳನ್ನು ಕಂಡಿದ್ದೇನೆ. ದುಬಾರಿ ಮೇಜಿದ್ದೂ ಯಾರೂ ಕೂರದ ಮೂಲೆಗಳಿವೆ, ಗೋಡೆಗೆ ಬಡಿದ ಒಂದು ಹಲಗೆಯ ಮುಂದೆ ದಿನಕ್ಕೆ ನಾಲ್ಕು ತಾಸು ಅಲುಗಾಡದೆ ಕೂರುವ ಮಕ್ಕಳೂ ಇದ್ದಾರೆ. ಇವೆರಡರ ನಡುವಿನ ವ್ಯತ್ಯಾಸವನ್ನು ಹುಡುಕುತ್ತಾ ಹೋದಾಗ ನನಗೆ ಒಂದೇ ಒಂದು ಪರೀಕ್ಷೆ ಸಿಕ್ಕಿತು: ರಾತ್ರಿ ತೆರೆದಿಟ್ಟ ಪುಸ್ತಕ ಬೆಳಿಗ್ಗೆ ಅದೇ ಪುಟದಲ್ಲಿ ತೆರೆದೇ ಇರಲು ಆ ಜಾಗದಲ್ಲಿ ಸಾಧ್ಯವೇ? ಊಟದ ಮೇಜಿನ ಮೇಲೆ ರೇಖಾಗಣಿತ ಬಿಡಿಸುತ್ತಿರುವ ಹುಡುಗಿ ಎಂಟೂವರೆಗೆ ತಟ್ಟೆಗಳು ಬರುತ್ತಿದ್ದಂತೆ ಕೈವಾರ, ಅಳತೆಪಟ್ಟಿ, ಮೂರು ಪುಸ್ತಕಗಳನ್ನು ಬಾಚಿ ದಿವಾನಿನ ಮೇಲೆ ಹಾಕುತ್ತಾಳೆ. ಊಟವಾದ ಮೇಲೆ ಮೇಜು ಒರೆಸಿ, ಒದ್ದೆ ಆರುವವರೆಗೆ ಕಾದು, ಪುಟ ಹುಡುಕಿ, ಎಲ್ಲಿಗೆ ನಿಲ್ಲಿಸಿದ್ದೆ ಎಂದು ನೆನಪಿಸಿಕೊಳ್ಳುವಷ್ಟರಲ್ಲಿ ಅರ್ಧ ತಾಸು ಹೋಗಿರುತ್ತದೆ, ಅದರೊಂದಿಗೆ ಮನಸ್ಸೂ ಹೋಗಿರುತ್ತದೆ. ಆದುದರಿಂದ ನಾವು ಹುಡುಕಬೇಕಾದದ್ದು ಕೋಣೆಯನ್ನಲ್ಲ, ಯಾರೂ ಎತ್ತಿಡು ಎಂದು ಹೇಳದ ಎರಡಡಿಗೆ ಮೂರಡಿ ಜಾಗವನ್ನು.

ಎರಡಡಿಗೆ ಮೂರಡಿ ಎಲ್ಲಿದೆ?

ಅಳೆಯುವ ಟೇಪು ಹಿಡಿದು ಮನೆಯನ್ನು ಒಮ್ಮೆ ಸುತ್ತಬೇಕು, ಆದರೆ ಭಾನುವಾರ ಮಧ್ಯಾಹ್ನದ ನೆಮ್ಮದಿಯ ಹೊತ್ತಿನಲ್ಲಲ್ಲ. ಮಗು ನಿಜವಾಗಿ ಓದುವ ಹೊತ್ತು ಸಂಜೆ ಏಳರಿಂದ ಹತ್ತಾದರೆ ಆ ಹೊತ್ತಿನಲ್ಲೇ ಸುತ್ತಬೇಕು. ಕುಕ್ಕರಿನ ಸೀಟಿ ಎಲ್ಲಿಯವರೆಗೆ ಕೇಳುತ್ತದೆ, ಕಚೇರಿಯಿಂದ ಬಂದವರು ಚೀಲವನ್ನು ಎಲ್ಲಿ ಇಡುತ್ತಾರೆ, ಬಚ್ಚಲಿಗೆ ಹೋಗುವವರು ಯಾವ ದಾರಿ ಹಿಡಿಯುತ್ತಾರೆ ಎಂಬುದೆಲ್ಲ ಆಗ ಮಾತ್ರ ಕಣ್ಣಿಗೆ ಬೀಳುತ್ತದೆ. ಓಡಾಟದ ದಾರಿಗೆ ಬೆನ್ನು ಕೊಟ್ಟು ಕುಳಿತ ಮಗು ಪ್ರತಿ ಹೆಜ್ಜೆಯ ಸದ್ದಿಗೂ ತಿರುಗಿ ನೋಡುತ್ತದೆ, ಆದ್ದರಿಂದ ದಾರಿಯ ಕೊನೆಗೆ ಇರುವ, ಯಾರೂ ದಾಟಿಹೋಗದ ಮೂಲೆಯೇ ಉತ್ತಮ. ಹಾಲಿನ ಬಾಗಿಲ ಹಿಂದಿನ ಗೋಡೆ, ಬೆಡ್‌ರೂಮಿನ ಕಪಾಟು ಮತ್ತು ಕಿಟಕಿಯ ನಡುವಿನ ಸಂದು, ಶೂ ಸ್ಟ್ಯಾಂಡು ನಿಂತಿರುವ ಗೋಡೆ ಇವನ್ನೆಲ್ಲ ಅಳೆದು ನೋಡಿ. ಶೂ ಸ್ಟ್ಯಾಂಡಿಗೆ ಬೇರೆ ಜಾಗ ಸಿಗುತ್ತದೆ.

ಗ್ಲಾಸು ಹಾಕಿ ಮುಚ್ಚಿದ ಬಾಲ್ಕನಿ ಮೇಲ್ನೋಟಕ್ಕೆ ಸೊಗಸು. ಅದು ಪಶ್ಚಿಮಕ್ಕೆ ಮುಖ ಮಾಡಿದ್ದರೆ ಏಪ್ರಿಲಿನ ಮಧ್ಯಾಹ್ನ ಅಲ್ಲಿ ಕೂರಲಾಗದು, ಜುಲೈಯಲ್ಲಿ ಎರಚಲು ಒಳಗೆ ಬರುತ್ತದೆ. ಪೂರ್ವದ ಬಾಲ್ಕನಿಯಾದರೆ ಬೆಳಗಿನ ಓದಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಹಳೆಯ ಚಾಳುಗಳ ಮಾಳಿಗೆ, ಅಂದರೆ ಖೋಲಿಯೊಳಗೇ ಏಣಿ ಹತ್ತಿ ಹೋಗುವ ಅಟ್ಟ, ಓದಿಗೆ ಏಕಾಂತ ಕೊಡುವುದು ನಿಜ. ಆದರೆ ಬಿಸಿಗಾಳಿ ಮೇಲೇರಿ ಅಲ್ಲೇ ನಿಲ್ಲುತ್ತದೆ, ಬೆನ್ನು ನೇರ ಮಾಡಿ ಕೂರುವಷ್ಟು ಎತ್ತರವೂ ಇರುವುದಿಲ್ಲ. ಹಾಸಿಗೆಯ ಮೇಲಿನ ಓದನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ, ಅದು ತೂಕಡಿಕೆಗೆ ಮಾಡಿಕೊಟ್ಟ ಏರ್ಪಾಟು. ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ಓದಬೇಕೆಂದು ಹಿರಿಯರು ಹೇಳಿದರೆ, ಸಾಧ್ಯವಾದಲ್ಲಿ ಹಾಗೆಯೇ ಮಾಡಿ. ಮುಂಬಯಿಯ ಫ್ಲಾಟಿನಲ್ಲಿ ದಿಕ್ಕನ್ನು ತೀರ್ಮಾನಿಸುವುದು ಬಹುಮಟ್ಟಿಗೆ ಸ್ವಿಚ್‌ಬೋರ್ಡು.

ಜಾಗ ಗೊತ್ತಾದ ಮೇಲೆ ಕಾಲುಗಳಿರುವ ಮೇಜನ್ನು ಕೊಳ್ಳುವ ಬದಲು ಗೋಡೆಗೆ ಬ್ರಾಕೆಟ್ ಹಾಕಿ ಹಲಗೆ ಕೂರಿಸುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಕಾರಣವಿದೆ. ಕಾಲಿಲ್ಲದ ಹಲಗೆಯ ಕೆಳಗೆ ನೆಲ ಖಾಲಿ ಉಳಿಯುವುದರಿಂದ, ರಾತ್ರಿ ಹಾಸಿಗೆ ಹಾಸುವಾಗ ಮಲಗುವವರ ಕಾಲು ಅದರ ಅಡಿಗೆ ಹೋಗುವಂತೆ ಹಾಸಬಹುದು. ಹೀಗೆ ಹಾಸಿದರೆ ಮೇಲಿನ ಪುಸ್ತಕ ತೆರೆದೇ ಇರುತ್ತದೆ, ಕೆಳಗೆ ತಮ್ಮ ನಿದ್ದೆ ಮಾಡುತ್ತಾನೆ. ಹಲಗೆಗೆ 19 ಮಿಲಿಮೀಟರ್ ದಪ್ಪದ ಪ್ಲೈವುಡ್ ಸಾಕು. ಅಗ್ಗವೆಂದು ಎಂಡಿಎಫ್ ಅಥವಾ ಪಾರ್ಟಿಕಲ್ ಬೋರ್ಡ್ ಹಾಕಿಸಿದರೆ ಒಂದೆರಡು ಮಳೆಗಾಲಗಳಲ್ಲಿ ಅಂಚು ಉಬ್ಬಿ ಹಪ್ಪಳದಂತೆ ಏಳುತ್ತದೆ. ಗೋಡೆ ಇಟ್ಟಿಗೆಯದೋ, ಹೊಸ ಕಟ್ಟಡಗಳ ಹಗುರ ಬ್ಲಾಕಿನದೋ ಎಂದು ಬಡಗಿಗೆ ಮೊದಲೇ ತಿಳಿಸಿ, ಏಕೆಂದರೆ ಹಗುರ ಬ್ಲಾಕಿನಲ್ಲಿ ಸಾಮಾನ್ಯ ಸ್ಕ್ರೂ ನಿಲ್ಲುವುದಿಲ್ಲ, ಅದಕ್ಕೆ ಬೇರೆ ಬಗೆಯ ಫಾಸ್ಟನರ್ ಬೇಕು. ಹಲಗೆ ಮತ್ತು ಗೋಡೆಯ ನಡುವೆ ಒಂದಿಂಚು ಸಂದು ಬಿಡಿಸಿದರೆ ದೀಪದ ವೈರು ಇಳಿಸಲು ಅನುಕೂಲ.

ಹಲಗೆಯನ್ನು ಮಡಿಸಲೇಬೇಕಾದಷ್ಟು ಇಕ್ಕಟ್ಟಿನ ಮನೆಗಳೂ ಇವೆ. ಅಲ್ಲಿ ಉದ್ದನೆಯ ಬಿಜಾಗರಿ, ಅಂಗಡಿಯವರ ಮಾತಿನಲ್ಲಿ ಪಿಯಾನೊ ಹಿಂಜ್, ಹಾಕಿ ಕೆಳಕ್ಕೆ ಇಳಿಬಿಡುವಂತೆ ಮಾಡಿಸಬಹುದು. ಹಾಗಾದರೆ ತೆರೆದ ಪುಸ್ತಕದ ಗತಿಯೇನು ಎಂದು ಕೇಳಬಹುದು. ಅದಕ್ಕೆ ನಾನು ಒಬ್ಬ ತಾಯಿಯಿಂದ ಕಲಿತ ಉಪಾಯವಿದೆ. ಅವರು ಚಿತ್ರ ಬರೆಯುವವರ ಡ್ರಾಯಿಂಗ್ ಬೋರ್ಡೊಂದನ್ನು ತಂದು, ಮಗನ ಪುಸ್ತಕ, ನೋಟ್‌ಬುಕ್ಕು, ಕಂಪಾಸು ಎಲ್ಲವೂ ಅದರ ಮೇಲೆಯೇ ಇರಬೇಕೆಂದು ನಿಯಮ ಮಾಡಿದ್ದರು. ಊಟದ ಹೊತ್ತಿಗೆ ಬೋರ್ಡನ್ನು ಆರತಿ ತಟ್ಟೆಯಂತೆ ಎರಡೂ ಕೈಯಲ್ಲಿ ಎತ್ತಿ ಫ್ರಿಜ್ಜಿನ ಮೇಲಿಡುತ್ತಿದ್ದರು, ಊಟವಾದ ಮೇಲೆ ಹಾಗೆಯೇ ಇಳಿಸುತ್ತಿದ್ದರು. ಪೆನ್ಸಿಲು ಸಹ ಇದ್ದಲ್ಲಿಂದ ಅಲುಗುತ್ತಿರಲಿಲ್ಲ. ಒಂದೂವರೆ ಅಡಿಗೆ ಎರಡಡಿಯ ಬೋರ್ಡು ಇದಕ್ಕೆ ಸಾಕು.

ಬೆಳಕು

ಓದುವ ಜಾಗದಲ್ಲಿ ಅತಿ ಹೆಚ್ಚು ತಪ್ಪುವುದು ಬೆಳಕಿನ ಲೆಕ್ಕ, ಅತಿ ಕಡಿಮೆ ಖರ್ಚಿನಲ್ಲಿ ಸರಿಯಾಗುವುದೂ ಅದೇ. ಓದಿ ಬರೆಯುವ ಕೆಲಸಕ್ಕೆ ಪುಸ್ತಕದ ಮೇಲೆ 300ರಿಂದ 500 ಲಕ್ಸ್ ಬೆಳಕು ಬೀಳಬೇಕು. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಹಾಲಿನ ಟ್ಯೂಬ್‌ಲೈಟಿನ ಕೆಳಗೆ ಪುಸ್ತಕದ ಮೇಲೆ ಫೋನನ್ನು ಇಟ್ಟು ನೋಡಿ. ಅಳತೆ ಅಷ್ಟು ಕರಾರುವಾಕ್ಕಾಗಿ ಇರದಿದ್ದರೂ ಅನೇಕ ಮನೆಗಳಲ್ಲಿ ಅದು 100ರ ಆಸುಪಾಸಿನಲ್ಲಿ ನಿಲ್ಲುವುದನ್ನು ನಾನು ಕಂಡಿದ್ದೇನೆ. ಕೋಣೆ ಬೆಳ್ಳಗೆ ಕಾಣುತ್ತದೆ, ಪುಸ್ತಕ ಮಬ್ಬಾಗಿಯೇ ಇರುತ್ತದೆ. ಅದರ ಮೇಲೆ, ಟ್ಯೂಬು ಎದುರು ಗೋಡೆಯ ಮೇಲಿದ್ದು ಮಗು ಅದಕ್ಕೆ ಬೆನ್ನು ಮಾಡಿ ಕುಳಿತರೆ ತನ್ನದೇ ತಲೆಯ ನೆರಳು ಪುಟದ ಮೇಲೆ ಬೀಳುತ್ತದೆ. ಮಗು ಬಾಗಿದಷ್ಟೂ ನೆರಳು ದಟ್ಟವಾಗುತ್ತದೆ, ನೆರಳು ದಟ್ಟವಾದಷ್ಟೂ ಮಗು ಬಾಗುತ್ತದೆ.

ಇದಕ್ಕೆ ಮನೆಯ ಟ್ಯೂಬನ್ನು ಬದಲಿಸುವ ಅಗತ್ಯವಿಲ್ಲ. ಸಣ್ಣ ದೀಪದ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ ಎಂದು ಭೌತಶಾಸ್ತ್ರದ ಪಾಠದಲ್ಲಿ ಓದಿರುತ್ತೇವೆ. ದೀಪವನ್ನು ಅರ್ಧ ದೂರಕ್ಕೆ ತಂದರೆ ಬೆಳಕು ನಾಲ್ಕು ಪಟ್ಟಾಗುತ್ತದೆ. ಆದ್ದರಿಂದ ಪುಸ್ತಕದಿಂದ ಒಂದೂವರೆ ಅಡಿ ಎತ್ತರದಲ್ಲಿ ಇರುವ ಐದಾರು ವಾಟ್‌ನ ಎಲ್‌ಇಡಿ ಮೇಜುದೀಪ ಸೂರಿನ ದೊಡ್ಡ ದೀಪಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ. ಬಲಗೈಯಲ್ಲಿ ಬರೆಯುವವರಿಗೆ ದೀಪ ಎಡಗಡೆ, ಎಡಗೈಯವರಿಗೆ ಬಲಗಡೆ ಇರಬೇಕು, ಆಗ ಕೈಯ ನೆರಳು ಬರೆಯುವ ಸಾಲಿನ ಮೇಲೆ ಬೀಳುವುದಿಲ್ಲ. ಬಲ್ಬು ಕಣ್ಣಿಗೆ ನೇರವಾಗಿ ಕಾಣದಂತೆ ದೀಪಕ್ಕೆ ಮುಚ್ಚಳವಿರಲಿ. ಹಾಲಿನ ದೀಪವನ್ನೂ ಉರಿಸಿಡಿ. ಸುತ್ತಲೂ ಕತ್ತಲೆಯಿದ್ದು ಪುಸ್ತಕದ ಮೇಲೆ ಮಾತ್ರ ಬೆಳಕಿದ್ದರೆ ಕಣ್ಣು ಬೇಗ ಸೋಲುತ್ತದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಕೊಡುವುದು 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿ ದೀಪ. ಹಗಲಿಗೆ ಅದು ಸರಿ, ರಾತ್ರಿ ಹತ್ತರ ನಂತರವೂ ಓದುವವರಿಗೆ ನಿದ್ದೆಯನ್ನು ಅಷ್ಟಾಗಿ ಕೆಡಿಸದ 3000ರಿಂದ 4000 ಕೆಲ್ವಿನ್ನಿನ ದೀಪ ಕೇಳಿ ತನ್ನಿ. ಕ್ರಾಫರ್ಡ್ ಮಾರ್ಕೆಟ್ಟಿನ ಬಳಿಯ ಲೋಹಾರ್ ಚಾಳಿನ ವಿದ್ಯುತ್ ಸಾಮಗ್ರಿಗಳ ಅಂಗಡಿಗಳಲ್ಲಿ ಇವೆಲ್ಲವನ್ನೂ ಉರಿಸಿ ನೋಡಿ ಕೊಳ್ಳಬಹುದು.

ಒಂದು ಎಚ್ಚರಿಕೆಯನ್ನು ನನ್ನ ಮನೆಯ ಅನುಭವದಿಂದಲೇ ಹೇಳಬೇಕು. ಮಗಳ ಮೇಜಿಗೆಂದು ಗೋಡೆಯ ಮೇಲೆ, ಸೂರಿಗೆ ತಾಗಿದಂತೆ, ಹೊಸ ಟ್ಯೂಬು ಹಾಕಿಸಿದೆ. ಎರಡು ದಿನಗಳಲ್ಲೇ ಅವಳು ತಲೆನೋವೆಂದಳು. ಕನ್ನಡಕದ ಪರೀಕ್ಷೆಯಾಯಿತು, ಕಣ್ಣಿನಲ್ಲಿ ದೋಷವಿರಲಿಲ್ಲ. ಕೊನೆಗೆ ಅವಳ ಕುರ್ಚಿಯಲ್ಲಿ ನಾನೇ ಕುಳಿತಾಗ ತಿಳಿಯಿತು: ಟ್ಯೂಬು ಸೀಲಿಂಗ್ ಫ್ಯಾನಿನ ರೆಕ್ಕೆಗಳಿಗಿಂತ ಮೇಲಿತ್ತು, ತಿರುಗುವ ರೆಕ್ಕೆಗಳ ನೆರಳು ಪುಟದ ಮೇಲೆ ಬಿಡದೆ ಮಿಡಿಯುತ್ತಿತ್ತು. ಟ್ಯೂಬನ್ನು ಒಂದಡಿ ಕೆಳಗಿಳಿಸಿದ ಮೇಲೆ ತಲೆನೋವಿನ ಮಾತೇ ಬರಲಿಲ್ಲ. ಏನನ್ನೇ ಹಾಕಿಸಿದರೂ ಫ್ಯಾನ್ ಹಾಕಿಕೊಂಡು, ಮಗು ಕೂರುವ ಎತ್ತರದಲ್ಲೇ ಕುಳಿತು ಹತ್ತು ನಿಮಿಷ ಓದಿ ನೋಡುವುದು ಒಳ್ಳೆಯದು.

ಹಗಲಿನ ಬೆಳಕು ಪಕ್ಕದಿಂದ ಬರಬೇಕು. ಕಿಟಕಿ ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನಿಗಿದ್ದರೆ ಲ್ಯಾಪ್‌ಟಾಪಿನ ಪರದೆಯಲ್ಲಿ ಅದರ ಪ್ರತಿಬಿಂಬ ಕಾಣುತ್ತದೆ. ಕಿಟಕಿಯ ಗ್ರಿಲ್ಲಿನಲ್ಲಿ ಒಣಗುವ ಬೆಡ್‌ಶೀಟು ಕೂಡ ಬೆಳಕಿನ ಲೆಕ್ಕದಲ್ಲಿ ಸೇರುತ್ತದೆ. ಪರೀಕ್ಷೆಯ ತಿಂಗಳಲ್ಲಾದರೂ ಬಟ್ಟೆಯ ಹಗ್ಗವನ್ನು ಬೇರೆ ಕಿಟಕಿಗೆ ಬದಲಿಸಿ.

ಕುಳಿತುಕೊಳ್ಳುವ ಬಗೆ

ಸಿದ್ಧ ಮೇಜುಗಳ ಎತ್ತರ 72ರಿಂದ 75 ಸೆಂಟಿಮೀಟರ್ ಇರುತ್ತದೆ. ಅದು ಬೆಳೆದವರ ಅಳತೆ. ಆರನೆಯ ತರಗತಿಯ ಮಗು ಅದರ ಮುಂದೆ ಕುಳಿತರೆ ಭುಜ ಕಿವಿಯ ಹತ್ತಿರಕ್ಕೆ ಏರುತ್ತದೆ. ಭುಜವನ್ನು ಸಡಿಲ ಬಿಟ್ಟು ಮೊಣಕೈ ಮಡಿಸಿದಾಗ ಅದು ಹಲಗೆಯ ಮಟ್ಟದಲ್ಲೇ ಇರಬೇಕು, ಪಾದಗಳೆರಡೂ ಪೂರ್ತಿ ನೆಲಕ್ಕೆ ತಾಗಬೇಕು, ಪುಸ್ತಕ ಕಣ್ಣಿನಿಂದ ಒಂದಡಿಗಿಂತ ತುಸು ದೂರವಿರಬೇಕು. ಕುರ್ಚಿಯ ಮೇಲೆ ದಿಂಬು ಹಾಕಿ ಮಗುವನ್ನು ಎತ್ತರಿಸಿದರೆ ಪಾದ ಗಾಳಿಯಲ್ಲಿ ತೂಗುತ್ತದೆ, ಆಗ ಕೆಳಗೆ ಊಟದ ಮಣೆಯನ್ನು ಇಡಿ. ಡೈನಿಂಗ್ ಟೇಬಲ್ ಬಂದ ಮೇಲೆ ಮಣೆಗಳು ಹೇಗೂ ಕಪಾಟಿನ ಮೇಲೆ ಸುಮ್ಮನಿರುತ್ತವೆ.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಓದುವುದನ್ನು ಕೀಳೆಂದು ತಿಳಿಯಬೇಕಿಲ್ಲ, ಆದರೆ ಪುಸ್ತಕ ನೆಲದ ಮೇಲಿರಬಾರದು. ಹತ್ತು ಹನ್ನೆರಡು ಇಂಚು ಎತ್ತರದ ಡೆಸ್ಕು ಬೇಕು, ಅದರ ಮೇಲ್ಮೈ ತನ್ನತ್ತ ಸ್ವಲ್ಪ ಇಳಿಜಾರಾಗಿದ್ದರೆ ಕುತ್ತಿಗೆ ಬಾಗುವುದು ಕಡಿಮೆಯಾಗುತ್ತದೆ. ಪಾರಾಯಣಕ್ಕೆ ಬಳಸುವ ವ್ಯಾಸಪೀಠ ಮಾಡುವುದು ಇದನ್ನೇ. ಅಜ್ಜಿಯ ವ್ಯಾಸಪೀಠವನ್ನು ಕೇಳಿ ಪಡೆದು ಮೇಜಿನ ಮೇಲಿಟ್ಟುಕೊಂಡ ಒಬ್ಬ ಹುಡುಗ ಹನ್ನೆರಡನೆಯ ತರಗತಿಯ ದಪ್ಪ ಜೀವಶಾಸ್ತ್ರವನ್ನು ಅದರ ಮೇಲೆ ಓದಿ ಮುಗಿಸಿದ. ಚಾತುರ್ಮಾಸ್ಯದಲ್ಲಿ ಮಾತ್ರ ಅಜ್ಜಿ ಅದನ್ನು ವಾಪಸು ಕೇಳುತ್ತಿದ್ದರಂತೆ.

ಸದ್ದು, ಗಾಳಿ, ಮೊಬೈಲು

ರೈಲು ಹಳಿಯ ಪಕ್ಕದ ಕಟ್ಟಡದಲ್ಲಿ ಬೆಳೆದ ಮಕ್ಕಳಿಗೆ ಲೋಕಲ್ಲಿನ ಸದ್ದು ಕೇಳುವುದೇ ಇಲ್ಲ. ಓದನ್ನು ಕೆಡಿಸುವುದು ಮಾತು: ಪಕ್ಕದಲ್ಲೇ ಫೋನಿನಲ್ಲಿ ನಡೆಯುವ ಸಂಭಾಷಣೆ, ಧಾರಾವಾಹಿಯ ಅಳು, ಕ್ರಿಕೆಟ್ ಕಾಮೆಂಟರಿ. ಏರಿಳಿತವಿಲ್ಲದ ಫ್ಯಾನಿನ ಸದ್ದು ಇಂಥ ಮಾತನ್ನು ಸ್ವಲ್ಪಮಟ್ಟಿಗೆ ಮುಚ್ಚುತ್ತದೆ. ಟಿವಿಯನ್ನೇ ನಿಲ್ಲಿಸಿ ಎಂದು ಮನೆಯ ಹಿರಿಯರಿಗೆ ಹೇಳುವುದು ನ್ಯಾಯವಲ್ಲ, ದಿನವಿಡೀ ನಾಲ್ಕು ಗೋಡೆಗಳ ನಡುವೆ ಇರುವ ಅಜ್ಜಿಗೆ ಊರಿನ ಮಾತು ಕೇಳುವುದು ಆ ಒಂದು ತಾಸಿನಲ್ಲಿ ಮಾತ್ರ. ಬ್ಲೂಟೂತ್ ಹೆಡ್‌ಫೋನನ್ನು ಮಗುವಿಗೆ ಕೊಡುವ ಬದಲು ಅಜ್ಜಿಗೆ ಕೊಟ್ಟು ನೋಡಿ. ಎರಡು ದಿನ ಗೊಣಗುತ್ತಾರೆ, ಮೂರನೆಯ ದಿನದಿಂದ ತಾವೇ ಹುಡುಕಿ ಹಾಕಿಕೊಳ್ಳುತ್ತಾರೆ, ಏಕೆಂದರೆ ಅವರಿಗೂ ಮೊದಲಿಗಿಂತ ಚೆನ್ನಾಗಿ ಕೇಳುತ್ತದೆ.

ಹೊರಗಿನ ಸದ್ದು ಹೆಚ್ಚಾಗಿ ನುಗ್ಗುವುದು ಸ್ಲೈಡಿಂಗ್ ಕಿಟಕಿಯ ಸಂದುಗಳಿಂದ. ಅಂಟಿಸುವ ಫೋಮ್ ಪಟ್ಟಿ ಮತ್ತು ದಪ್ಪ ಪರದೆಯಿಂದ ಅದು ಸ್ವಲ್ಪ ತಗ್ಗುತ್ತದೆ. ಧ್ವನಿವರ್ಧಕಗಳ ವಿಷಯದಲ್ಲಿ ಕಾನೂನು ನಿಮ್ಮ ಕಡೆಗಿದೆ. 2000ನೆಯ ಇಸವಿಯ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಹಬ್ಬದ ಕೆಲವು ದಿನಗಳಿಗೆ ಸರಕಾರ ವಿನಾಯಿತಿ ಕೊಡುವುದುಂಟು, ಆ ದಿನಗಳನ್ನು ಓದಿನ ವೇಳಾಪಟ್ಟಿಯಿಂದ ಮೊದಲೇ ಬಿಟ್ಟುಬಿಡುವುದು ವಿವೇಕ.

ಸದ್ದಿಗೆ ಹೆದರಿ ಎಲ್ಲ ಕಿಟಕಿಗಳನ್ನೂ ಮುಚ್ಚಿ ಎಸಿ ಹಾಕಿ ಕುಳಿತರೆ ಇನ್ನೊಂದು ತೊಂದರೆ ಬರುತ್ತದೆ. ಮನೆಯ ಸ್ಪ್ಲಿಟ್ ಎಸಿ ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ಸುತ್ತಿಸುತ್ತದೆ, ಹೊರಗಿನ ಗಾಳಿಯನ್ನು ತರುವುದಿಲ್ಲ. ಸಣ್ಣ ಕೋಣೆಯಲ್ಲಿ ಮೂವರು ಉಸಿರಾಡುತ್ತಿದ್ದರೆ ಎರಡು ತಾಸಿನಲ್ಲಿ ಇಂಗಾಲದ ಡೈ ಆಕ್ಸೈಡ್ ಏರಿ ತಲೆ ಭಾರವಾಗುತ್ತದೆ. ತಾಸಿಗೊಮ್ಮೆ ಐದು ನಿಮಿಷ ಕಿಟಕಿ ತೆರೆಯಬೇಕು.

ಮೊಬೈಲಿಗೆ ಓದುವ ಹಲಗೆಯ ಮೇಲೆ ಜಾಗವಿಲ್ಲ. ಅದರ ಚಾರ್ಜರನ್ನು ಅಡುಗೆಮನೆಯ ಪ್ಲಗ್ಗಿನಲ್ಲಿ ಇಡಿ. ಪಾಠದ ಟಿಪ್ಪಣಿಗಳು ವಾಟ್ಸಾಪಿನಲ್ಲೇ ಬರುತ್ತವೆ ಎಂಬ ವಾದ ಸರಿಯಾದುದೇ, ಆದ್ದರಿಂದ ವಾರಕ್ಕೊಮ್ಮೆ ಝೆರಾಕ್ಸ್ ಅಂಗಡಿಯಲ್ಲಿ ಅವುಗಳ ಪ್ರಿಂಟು ತೆಗೆಸಿಕೊಳ್ಳಿ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರಿನವರೆಗೆ ಪುಸ್ತಕವೂ ಒಂದು ಜೀವಿ ಎಂಬಂತೆ ನೋಡಿಕೊಳ್ಳಬೇಕಾಗುತ್ತದೆ. ನೈಋತ್ಯ ಮಾರುತದ ಮಳೆ ನೇರವಾಗಿ ಹೊಡೆಯುವುದು ಪಶ್ಚಿಮ ಮತ್ತು ದಕ್ಷಿಣದ ಗೋಡೆಗಳಿಗೆ, ತೇವ ಇಳಿಯುವುದೂ ಅಲ್ಲೇ. ಆ ಗೋಡೆಗೆ ಪುಸ್ತಕದ ಕಪಾಟನ್ನು ಒರಗಿಸಬೇಡಿ, ಬೇರೆ ಗೋಡೆಯಿಲ್ಲದಿದ್ದರೆ ಎರಡಿಂಚು ಮುಂದಕ್ಕೆ ಎಳೆದಿಡಿ. ಕಪಾಟಿನ ಮೂಲೆಗಳಲ್ಲಿ ಒಣಗಿದ ಬೇವಿನ ಎಲೆ ಅಥವಾ ಡಾಂಬರು ಗುಳಿಗೆ ಇಡುವುದು ವಾಡಿಕೆ. ಗುಳಿಗೆಯ ವಾಸನೆ ಓದುವವರ ಮೂಗಿನ ಬುಡದಲ್ಲಿ ಇರಬಾರದು, ಎಳೆಯ ಮಕ್ಕಳ ಕೈಗೂ ಅದು ಸಿಗಬಾರದು. ಎಕ್ಸ್‌ಟೆನ್ಶನ್ ಬೋರ್ಡು ನೆಲದ ಮೇಲಿದ್ದರೆ ಈಗಲೇ ಹಲಗೆಯ ಅಡಿಗೆ ಸ್ಕ್ರೂ ಹಾಕಿ ಎತ್ತರಕ್ಕೆ ಕೂರಿಸಿ, ನೆಲಮಹಡಿಯ ಮನೆಯವರಿಗಂತೂ ಇದು ಜೀವದ ಪ್ರಶ್ನೆ.

ಮನೆಯ ಹೊರಗೆ

ಇಷ್ಟೆಲ್ಲ ಮಾಡಿದರೂ ಕೆಲವು ಮನೆಗಳಲ್ಲಿ ಓದು ಸಾಗುವುದಿಲ್ಲ. ಈ ನಗರದಲ್ಲಿ ಅದೇನೂ ಹೊಸತಲ್ಲ. ಊರು ಬಿಟ್ಟು ಬಂದು ಉಡುಪಿ ಹೋಟೆಲುಗಳಲ್ಲಿ ಹಗಲೆಲ್ಲ ತಟ್ಟೆ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಗಳಲ್ಲಿ ಪಾಠ ಕೇಳಿದ ಹುಡುಗರಿಗೆ ಅಂಗಡಿ ಮುಚ್ಚಿದ ಮೇಲಿನ ಊಟದ ಮೇಜೇ ಓದುವ ಮೇಜಾಗಿತ್ತು, ಜೋಡಿಸಿದರೆ ಅದೇ ಹಾಸಿಗೆಯೂ ಆಗುತ್ತಿತ್ತು. ವರ್ಲಿಯ ಸುದಾಮ್ ಕಾಳು ಅಹಿರೆ ಮಾರ್ಗಕ್ಕೆ ಜನ ಕರೆಯುವ ಹೆಸರು ಅಭ್ಯಾಸ ಗಲ್ಲಿ. ಸುತ್ತಲಿನ ಚಾಳುಗಳ ಮಕ್ಕಳು ತಲೆಮಾರುಗಳಿಂದ ಆ ಬೀದಿಯ ದೀಪಗಳ ಕೆಳಗೆ ಕುಳಿತು ಓದುತ್ತಾ ಬಂದಿರುವುದರಿಂದ ಆ ಹೆಸರು ಬಂತು.

ನಿಮ್ಮ ವಾರ್ಡಿನಲ್ಲಿ ಅಭ್ಯಾಸಿಕಾ ಇದೆಯೇ ಎಂದು ವಿಚಾರಿಸಿ. ಮಹಾರಾಷ್ಟ್ರದಲ್ಲಿ ಓದುವ ಕೋಣೆಗೆ ಹೇಳುವ ಹೆಸರು ಅದು. ಪಾಲಿಕೆಯವೂ ಇವೆ, ಸಂಘಸಂಸ್ಥೆಗಳವೂ ಖಾಸಗಿಯವೂ ಇವೆ. ಸೇರುವ ಮೊದಲು ಮೂರು ಸಂಗತಿಗಳನ್ನು ಕಣ್ಣಾರೆ ನೋಡಿ: ರಾತ್ರಿ ಎಷ್ಟರವರೆಗೆ ತೆರೆದಿರುತ್ತದೆ, ಶೌಚಾಲಯ ಹೇಗಿದೆ, ಹಿಂದಿರುಗುವ ದಾರಿಯಲ್ಲಿ ದೀಪಗಳಿವೆಯೇ. ಹೆಣ್ಣುಮಕ್ಕಳ ವಿಷಯದಲ್ಲಿ ಮೂರನೆಯದೇ ಮೊದಲಿನದು. ಹಿರಿಯ ವಿದ್ಯಾರ್ಥಿಗಳು ದಾದರಿನಲ್ಲಿರುವ, 1898ರಲ್ಲಿ ಆರಂಭವಾದ ಮುಂಬಯಿ ಮರಾಠಿ ಗ್ರಂಥ ಸಂಗ್ರಹಾಲಯವನ್ನೂ ಕಾಲಾಘೋಡಾದ ಡೇವಿಡ್ ಸಸೂನ್ ಗ್ರಂಥಾಲಯವನ್ನೂ ನೋಡಿ ಬರಬಹುದು. 1870ರ ಆ ಕಲ್ಲುಕಟ್ಟಡದ ಹಿಂದಿನ ತೋಟದಲ್ಲಿ ಕುಳಿತರೆ ಮುಂಬಯಿ ಹೊರಗೆಲ್ಲೋ ಇದೆ ಎನಿಸುತ್ತದೆ.

ಮನೆಯಲ್ಲಿ ಒಳ್ಳೆಯ ಮೂಲೆ ಇರುವವರೂ ವಾರಕ್ಕೊಮ್ಮೆ ಹೊರಗೆ ಹೋಗಿ ಓದುವುದು ಲಾಭದಾಯಕ. ಸ್ಮಿತ್, ಗ್ಲೆನ್‌ಬರ್ಗ್ ಮತ್ತು ಬ್ಯೋರ್ಕ್ ಎಂಬ ಮನೋವಿಜ್ಞಾನಿಗಳು 1978ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಪದಪಟ್ಟಿಯನ್ನು ಒಂದೇ ಕೋಣೆಯಲ್ಲಿ ಎರಡು ಬಾರಿ ಓದಿದವರಿಗಿಂತ ಎರಡು ಬೇರೆ ಕೋಣೆಗಳಲ್ಲಿ ಓದಿದವರು ಹೆಚ್ಚು ಪದಗಳನ್ನು ನೆನಪಿಸಿಕೊಂಡರು. ನನ್ನ ವಿದ್ಯಾರ್ಥಿಗಳಿಗೆ ನಾನು ಇದನ್ನು ಬೇರೊಂದು ರೀತಿಯಲ್ಲಿ ಬಳಸುತ್ತೇನೆ. ಬೋರ್ಡ್ ಪರೀಕ್ಷೆ ಬರುವ ಫೆಬ್ರವರಿ, ಮಾರ್ಚ್ ತಿಂಗಳಿಗೆ ಮೊದಲು ನಾಲ್ಕೈದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಮನೆಯ ಹಲಗೆಯ ಮೇಲಲ್ಲದೆ ಗಟ್ಟಿ ಬೆಂಚಿನ, ಅಪರಿಚಿತರ ನಡುವಿನ ಅಭ್ಯಾಸಿಕೆಯಲ್ಲಿ ಗಡಿಯಾರ ಇಟ್ಟುಕೊಂಡು ಬರೆಯಲು ಹೇಳುತ್ತೇನೆ. ಪರೀಕ್ಷೆ ನಡೆಯುವ ಕೋಣೆಯಲ್ಲಿ ನಮ್ಮ ಮೇಜುದೀಪ ಇರುವುದಿಲ್ಲವಲ್ಲ.

ಜೂನ್ ಮಧ್ಯದಲ್ಲಿ ಶಾಲೆ ತೆರೆದಾಗ ಮೊಣಕೈಯ ಅಳತೆಯನ್ನು ಮತ್ತೊಮ್ಮೆ ನೋಡಿ. ಒಂದು ವರ್ಷದಲ್ಲಿ ಮಕ್ಕಳು ಎರಡಿಂಚು ಬೆಳೆದಿರುವುದುಂಟು. ಅಕ್ಕನ ಪಾದದ ಕೆಳಗಿನ ಮಣೆಯನ್ನು ತೆಗೆದು ಈಗ ತಮ್ಮನಿಗೆ ಕೊಡಬಹುದು.